ಯಾರಿಗೆ, ಯಾತಕ್ಕೆ

ಜಪಾನಿನ ಉತ್ತರ ಆಲ್ಪ್ಸ್ ಪರ್ವತಗಳಲ್ಲಿ 3180 ಮೀಟರ್ ಎತ್ತರದ ಒಂದು ಶಿಖರವಿದೆ. ಅದರ ಹೆಸರು ಯಾರಿಗಾತಾಕೆ. ‘ಯಾರಿ’ ಎಂದರೆ ಈಟಿ, ‘ತಾಕೆ’ ಎಂದರೆ ಶಿಖರ. ನೋಡಲೂ ಅದು ಮುಗಿಲಿಗೆ ಎತ್ತಿ ಹಿಡಿದ ಈಟಿಯಂತೆಯೇ ಇದೆ. ಆದರೆ ಕನ್ನಡದ ಕಿವಿಗೆ ಆ ಹೆಸರು, ಇಷ್ಟೆಲ್ಲ ಹತ್ತುವುದು ಯಾರಿಗೆ, ಯಾತಕ್ಕೆ ಎಂದು ಬೆಟ್ಟವೇ ಕೇಳಿದಂತೆ ಕೇಳಿಸುತ್ತದೆ. ಆಗಸ್ಟ್ ತಿಂಗಳ ಒಂದು ಮುಂಜಾನೆ ಐದು ಗಂಟೆಗೆ, ಎನ್‌ಜಾನ್ಸೋ ಎಂಬ ಯಾಮಾಗೋಯಾದ ಅಂಗಳದಲ್ಲಿ ಬೂಟಿನ ದಾರ ಬಿಗಿಯುತ್ತ ತಲೆಯೆತ್ತಿದಾಗ, ದೂರದಲ್ಲಿ ನಿಂತು ಅದು ನನ್ನನ್ನು ಕೇಳಿದ್ದೂ ಇದನ್ನೇ.

ಯಾಮಾಗೋಯಾ ಎಂದರೆ ಬೆಟ್ಟದ ಗುಡಿಸಲು. 1921ರಿಂದ ಇರುವ ಎನ್‌ಜಾನ್ಸೋವನ್ನು ಮಾತ್ರ ಗುಡಿಸಲು ಎನ್ನಲು ನಾಲಗೆ ಬರುವುದಿಲ್ಲ. ಅದು ನೂರಾರು ಜನ ಮಲಗಬಹುದಾದ ದೊಡ್ಡ ಮರದ ಮನೆ. ಅಲ್ಲಿಂದ ಹೊರಡುವ ದಾರಿಗೆ ಟೋಕಿಯೋದ ಪೇಟೆಬೀದಿಯ ಹೆಸರನ್ನೇ ಸೇರಿಸಿ ಓಮೋತೆ ಗಿಂಜಾ ಎಂದು ಕರೆದಿದ್ದಾರೆ, ಅಷ್ಟು ಜನಸಂಚಾರ. ನಾಗೋಯಾದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ ಹಿಂದಿನ ದಿನ ಕಡಿದಾದ ಏರಿನಲ್ಲಿ ನನ್ನನ್ನು ಹತ್ತಿಸಿಕೊಂಡು ಬಂದಿದ್ದ. ನಡುದಾರಿಯ ಗುಡಿಸಲಿನಲ್ಲಿ ಮಾರುವ ಕಲ್ಲಂಗಡಿ ಹಣ್ಣಿನ ಆಸೆಯೇ ಅರ್ಧ ಏರನ್ನು ಹತ್ತಿಸಿತ್ತೆಂದು ಈಗ ಒಪ್ಪಿಕೊಳ್ಳಬಹುದು.

ಜಪಾನಿನ ಚಾರಣಿಗರು ದೂರವನ್ನು ಕಿಲೋಮೀಟರಿನಲ್ಲಿ ಕೇಳುವುದು ಕಡಿಮೆ. ಅವರ ನಕ್ಷೆಯಲ್ಲಿ ಒಂದೊಂದು ತುಂಡು ದಾರಿಯ ಪಕ್ಕದಲ್ಲೂ ಹೋಗಲು ಇಷ್ಟು ಗಂಟೆ, ಬರಲು ಇಷ್ಟು ಗಂಟೆ ಎಂದು ಅಚ್ಚಾಗಿರುತ್ತದೆ. ಯಾರಿಗಾತಾಕೆಯ ತುದಿಯ ಕೆಳಗಿರುವ ಗುಡಿಸಲಿನವರೆಗೆ ಅಂದಿನ ಲೆಕ್ಕ ಸುಮಾರು ಒಂಬತ್ತು ಗಂಟೆ. ಮಧ್ಯಾಹ್ನದ ನಂತರ ಮೋಡ ಕವಿದು ಗುಡುಗುವುದು ಬೇಸಿಗೆಯಲ್ಲಿ ಮಾಮೂಲಾದ್ದರಿಂದ, ಮೂರು ಗಂಟೆಯೊಳಗೆ ಮುಂದಿನ ಗುಡಿಸಲನ್ನು ಸೇರಿಕೊಳ್ಳುವುದು ಅಲ್ಲಿನ ಮರ್ಯಾದೆ. ಐದಕ್ಕೆ ಒಂಬತ್ತನ್ನು ಕೂಡಿಸಿದರೆ ನನ್ನ ಮೊಣಕಾಲಿಗೆ ಉಳಿಯುತ್ತಿದ್ದದ್ದು ಒಂದೇ ಗಂಟೆ.

ಮೊದಲ ಮೂರು ಗಂಟೆ ಸುಖ. ಬಿಳಿಯ ಕಲ್ಲುಮರಳಿನಲ್ಲಿ ಕೊಮಾಕುಸಾ ಹೂಗಳು ತಲೆ ತಗ್ಗಿಸಿ ನಿಂತಿದ್ದವು. ನೆಲಕ್ಕೆ ಅಂಟಿಕೊಂಡು ಹರಡುವ ಹೈಮಾತ್ಸು ಎಂಬ ಪೈನ್ ಪೊದೆಯಿಂದ ರೈಚೋ ಹಕ್ಕಿಯೊಂದು ಮರಿಗಳೊಡನೆ ಹೊರಬಂದು, ನಮ್ಮನ್ನು ಲೆಕ್ಕಕ್ಕೇ ಇಡದೆ ದಾರಿ ದಾಟಿತು. ಅದರ ಹೆಸರಿನ ಅರ್ಥ ಗುಡುಗಿನ ಹಕ್ಕಿ. ನಡಿಗೆ ನಮ್ಮೂರ ಕೋಳಿಯದು. ಮುಂದೆ ಬಂಡೆಯೊಂದರಲ್ಲಿ ಕೊಬಾಯಾಶಿ ಕಿಸಾಕು ಎಂಬ ಬೇಟೆಗಾರನ ಮುಖವನ್ನು ಲೋಹದಲ್ಲಿ ಕೂರಿಸಿದ್ದಾರೆ. ಇಲ್ಲಿಂದ ಯಾರಿಗಾತಾಕೆಯ ಕಡೆಗೆ ಹೋಗುವ ಹಾದಿಯನ್ನು 1920ರ ಸುಮಾರಿಗೆ ತೆರೆದವನು ಅವನೇ. ಆಗ ಅವನಿಗೆ ಕೃತಜ್ಞತೆಯಿಂದ ತಲೆಬಾಗಿದೆ. ನಾಲ್ಕು ಗಂಟೆಗಳ ನಂತರ ಆ ನಮಸ್ಕಾರವನ್ನು ಹಿಂತೆಗೆದುಕೊಳ್ಳುವ ಮನಸ್ಸಾಯಿತು.

ಏಕೆಂದರೆ ಈ ದಾರಿಯ ಕಿತಾಪತಿಯೆಲ್ಲ ಕೊನೆಯಲ್ಲಿದೆ. ಬೆಳಗಿನಿಂದ ಬಲಕ್ಕೊಮ್ಮೆ ಎದುರಿಗೊಮ್ಮೆ ಕಾಣುತ್ತಿದ್ದ ಈಟಿ, ಎಷ್ಟು ನಡೆದರೂ ಅಷ್ಟೇ ದೂರದಲ್ಲಿ ನಿಂತಿತ್ತು. ನಿಶಿದಾಕೆಯ ಗುಡಿಸಲಿನ ಬಳಿ, ಇನ್ನೇನು ಬಂದೇಬಿಟ್ಟೆವು ಎನ್ನಿಸುವಷ್ಟು ಹತ್ತಿರವಾಯಿತು. ಅಲ್ಲಿಂದ ದಾರಿ ಸುಯಿಮಾತಾ ಎಂಬ ತಗ್ಗಿಗೆ ಧುಮುಕುತ್ತದೆ. ಬೆವರು ಸುರಿಸಿ ಗಳಿಸಿದ ಎತ್ತರವನ್ನು ಹೆಜ್ಜೆಹೆಜ್ಜೆಗೂ ದಾನಮಾಡುತ್ತ ಇಳಿದು, ಬಳಿಕ ಏಣಿ ಸರಪಳಿಗಳನ್ನು ಹಿಡಿದು ಸುಮಾರು 600 ಮೀಟರ್ ಮತ್ತೆ ಏರಬೇಕು. ಅಷ್ಟರಲ್ಲಿ ಮಂಜು ಬಂದು ಶಿಖರವನ್ನೇ ಒರೆಸಿಹಾಕಿತು. ಕಣ್ಣಿಗೆ ಬಿದ್ದದ್ದು ಬಂಡೆಗಳ ಮೇಲಿನ ಬಣ್ಣದ ಗುರುತುಗಳು ಮಾತ್ರ. ದುಂಡಗಿನ ಗುರುತಾದರೆ ಹೋಗು, ಕತ್ತರಿ ಗುರುತಾದರೆ ಬೇಡ. “ದೊಡ್ಡಪ್ಪ, ಇನ್ನು ಐವತ್ತೇ ನಿಮಿಷ” ಎಂದು ಹುಡುಗ ಮೂರು ಸಲ ಹೇಳಿದ. ಮೂರು ಸಲವೂ ಐವತ್ತೇ.

ಗುಡಿಸಲಿಗೆ ತಲುಪಿದಾಗ ಮೂರೂವರೆ. ಯಾರೂ ಬೈಯಲಿಲ್ಲ, ಬೂಟು ಇಡುವ ಕಪಾಟು, ಒದ್ದೆ ಬಟ್ಟೆ ಒಣಗಿಸುವ ಕೋಣೆ, ಹಾಸಿಗೆಯ ಸಂಖ್ಯೆ, ಊಟದ ಸಮಯ ಇಷ್ಟನ್ನು ತಿಳಿಸಿದರು. ಸ್ನಾನವಿಲ್ಲ. ಸಾಮಾನು ಹೆಲಿಕಾಪ್ಟರಿನಲ್ಲಿ ಬರುವ, ಮಳೆನೀರನ್ನು ಹಿಡಿದಿಟ್ಟು ಬಳಸುವ ಎತ್ತರದಲ್ಲಿ ಅದನ್ನು ಬಯಸುವುದೂ ತಪ್ಪು. 1828ರಲ್ಲಿ ಬಾನ್‌ರ್ಯೂ ಎಂಬ ಬೌದ್ಧ ಭಿಕ್ಷು ಮೊದಲು ಏರಿದ ಈ ಶಿಖರದ ತುದಿ ಅಲ್ಲಿಂದ ಅರ್ಧ ಗಂಟೆಯ ಹಾದಿ. ಮಂಜಿನ ನೆಪದಲ್ಲಿ ಅದನ್ನು ನಾಳೆಗೆ ಬಿಟ್ಟೆ. ಭಿಕ್ಷುವಿಗಿದ್ದ ಕಾರಣ ನನಗಿರಲಿಲ್ಲ.

ಐದು ಗಂಟೆಗೆ ಊಟ. ಒಣಮೀನಿನ ರಸ ಬೆರೆತ ಮಿಸೋ ಸಾರನ್ನು ಬದಿಗಿಟ್ಟು, ಅನ್ನಕ್ಕೆ ಮನೆಯಿಂದ ತಂದ ಚಟ್ನಿಪುಡಿ ಕಲಸಿಕೊಂಡೆ. ಬೆಳಗ್ಗೆ ನಮ್ಮನ್ನು ಹಿಂದೆ ಹಾಕಿ ಹೋಗಿದ್ದ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಎದುರಿಗೇ ಕುಳಿತಿದ್ದರು. ಈ ಬೆಟ್ಟದ ಹೆಸರು ನಮ್ಮ ಭಾಷೆಯಲ್ಲಿ ‘ಯಾರಿಗೆ, ಯಾತಕ್ಕೆ’ ಎಂದು ಕೇಳಿಸುತ್ತದೆಂದು ಹುಡುಗನಿಂದ ಅವರಿಗೆ ಹೇಳಿಸಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗದೆ, ಚಾಪ್‌ಸ್ಟಿಕ್ ಕೆಳಗಿಟ್ಟು, ಉತ್ತರ ಕೊಡಲೇಬೇಕಾದ ಪ್ರಶ್ನೆಯೆಂಬಂತೆ ಬಹಳ ಹೊತ್ತು ಯೋಚಿಸಿದರು. ಆಮೇಲೆ ಖಾಲಿಯಾಗಿದ್ದ ನನ್ನ ಬಟ್ಟಲನ್ನು ನೋಡಿ, “ಒಕಾವಾರಿ?” ಎನ್ನುತ್ತ ಅದನ್ನೆತ್ತಿಕೊಂಡು ಅನ್ನದ ಪಾತ್ರೆಯ ಕಡೆಗೆ ನಡೆದರು.