ಡಿಸ್ಕ್ ಕೆಟ್ಟ ದಿನದ ಲೆಕ್ಕ ಯಾರು ಹಾಕುತ್ತಾರೆ?

ನಮ್ಮ ಸ್ಟೋರೇಜ್ ಸರ್ವರ್‌ನಲ್ಲಿರುವ 4 ಟಿಬಿಯ 12 ಹಾರ್ಡ್ ಡಿಸ್ಕ್‌ಗಳನ್ನು ತೆಗೆದು, 20 ಟಿಬಿಯ 4 ಡಿಸ್ಕ್ ಹಾಕಿ ರೇಡ್ 5 (ಒಂದು ಡಿಸ್ಕ್‌ನಷ್ಟು ಜಾಗ ಬಿಟ್ಟುಕೊಟ್ಟು, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಡಿಸ್ಕ್‌ಗಳನ್ನು ಜೋಡಿಸುವ ವಿಧಾನ) ಮಾಡೋಣ ಎಂಬ ಪ್ರಸ್ತಾವ ಇಂದು ನನ್ನ ಕಣ್ಣೆದುರೇ ಚರ್ಚೆಯಿಲ್ಲದೆ ಒಪ್ಪಿಗೆ ಪಡೆಯಿತು. ಎರಡು ಡಿಸ್ಕ್‌ಗಳಷ್ಟು ಜಾಗ ಬಿಟ್ಟುಕೊಡುವ ರೇಡ್ 6ರಲ್ಲಿರುವ ಈಗಿನ ವ್ಯವಸ್ಥೆಯಲ್ಲಿ ಸಿಗುವುದು 40 ಟಿಬಿ, ಹೊಸದರಲ್ಲಿ 60 ಟಿಬಿ ಸಿಗುತ್ತದೆ, ಕರೆಂಟೂ ಉಳಿಯುತ್ತದೆ ಎಂಬಲ್ಲಿಗೆ ಲೆಕ್ಕ ಮುಗಿದುಹೋಯಿತು. ಒಂದು ಡಿಸ್ಕ್ ಕೆಟ್ಟರೆ ರೀಬಿಲ್ಡ್ ಆಗಲು, ಅಂದರೆ ಅದರ ಡೇಟಾವನ್ನು ಉಳಿದ ಡಿಸ್ಕ್‌ಗಳಿಂದ ಹೊಸ ಡಿಸ್ಕ್‌ಗೆ ಮತ್ತೆ ಕಟ್ಟಲು, ಎಷ್ಟು ಹೊತ್ತು ಬೇಕು ಎಂದು ಒಬ್ಬರಾದರೂ ಕೇಳಲಿಲ್ಲವಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ.

ಸೆಕೆಂಡಿಗೆ 250 ಎಂಬಿಯಂತೆ ಎಡೆಬಿಡದೆ ಬರೆದರೂ 20 ಟಿಬಿ ತುಂಬಲು 22 ಗಂಟೆ ಹಿಡಿಯುತ್ತದೆ. ಡಿಸ್ಕ್‌ನೊಳಗೆ ತಿರುಗುವ ತಟ್ಟೆಯ ಒಳಸುತ್ತುಗಳಿಗೆ ಬರುತ್ತಿದ್ದಂತೆ ಆ ವೇಗವೂ ಇಳಿಯುತ್ತದೆ; ಬಳಕೆದಾರರ ಕೆಲಸವೂ ಜೊತೆಗೇ ನಡೆಯುತ್ತಿದ್ದರೆ ದಿನಗಳೇ ಬೇಕಾಗುತ್ತವೆ. ಅಷ್ಟು ಹೊತ್ತೂ ಉಳಿದ ಮೂರು ಡಿಸ್ಕ್‌ಗಳು ತಮ್ಮ 60 ಟಿಬಿಯನ್ನೂ ಮೊದಲಿನಿಂದ ಕೊನೆಯವರೆಗೆ ಓದಿಕೊಡಬೇಕು, ಅವುಗಳಲ್ಲಿ ಇನ್ನೊಂದು ಕೈಕೊಟ್ಟರೆ ಇಡೀ ಅರೇ (ಡಿಸ್ಕ್‌ಗಳ ಜೋಡಣೆ), ಅದರಲ್ಲಿರುವ ಡೇಟಾ ಸಮೇತ, ಹೋಯಿತು. ಒಟ್ಟಿಗೆ ಕೊಂಡು ಒಟ್ಟಿಗೆ ದುಡಿಸಿದ ಡಿಸ್ಕ್‌ಗಳು ಬೇರೆ, ಹತ್ತಿರ ಹತ್ತಿರದಲ್ಲೇ ಕೆಡಬಹುದು! ಈಗಿನ ವ್ಯವಸ್ಥೆಯಾದರೆ ಎರಡು ಡಿಸ್ಕ್ ಕೆಟ್ಟರೂ ತಡೆದುಕೊಳ್ಳುತ್ತದೆ.

ವೇಗಕ್ಕೂ ಪೆಟ್ಟು ಬೀಳುತ್ತದೆ. 7200 ಆರ್‌ಪಿಎಂನ (ನಿಮಿಷಕ್ಕೆ 7200 ಸುತ್ತು ತಿರುಗುವ) ಡಿಸ್ಕ್ 4 ಟಿಬಿಯದಾಗಲಿ 20 ಟಿಬಿಯದಾಗಲಿ, ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳನ್ನು ಓದುವಾಗ ಹೆಡ್ (ಡೇಟಾ ಓದುವ ಭಾಗ) ಸರಿಯಲು ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಹಾಗಾಗಿ 12 ಡಿಸ್ಕ್‌ಗಳು ಹಂಚಿಕೊಳ್ಳುತ್ತಿದ್ದ ಕೆಲಸ 4 ಡಿಸ್ಕ್‌ಗಳ ಮೇಲೆ ಬಿದ್ದಾಗ ಎಲ್ಲರೂ ಕಾಯಬೇಕಾಗುತ್ತದೆ.

ಬ್ಯಾಕಪ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಇರಲೇಬೇಕು. ಆದರೆ 1 ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ 60 ಟಿಬಿಯನ್ನು ಹಿಂದಕ್ಕೆ ತರಲು, ಪೂರ್ಣ ವೇಗ ಸಿಕ್ಕರೂ, ಐದೂವರೆ ದಿನ ಬೇಕು. ಅಷ್ಟು ದಿನ ಕೆಲಸ ನಿಲ್ಲಿಸಿ ಕೂರಲು ಇವರಲ್ಲಿ ಯಾರು ತಯಾರಿದ್ದಾರೆ? ಆ 4 ಡಿಸ್ಕ್‌ಗಳನ್ನೇ ರೇಡ್ 6ಕ್ಕೆ ಹಾಕಿದರೆ ಉಳಿಯುವುದು ಮತ್ತೆ ಅದೇ 40 ಟಿಬಿ.

ನಾನು ಕೇಳುತ್ತಿರುವುದು 16 ಟಿಬಿಯ 6 ಡಿಸ್ಕ್‌ಗಳ ರೇಡ್ 6. ಬಳಕೆಗೆ 64 ಟಿಬಿ ಸಿಗುತ್ತದೆ, ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ, ರೀಬಿಲ್ಡ್ ಸಮಯವೂ ತುಸು ತಗ್ಗುತ್ತದೆ. ರೀಬಿಲ್ಡ್ ವೇಳೆ ಬರೆಯಲು ಏದುಸಿರು ಬಿಡುವ ಎಸ್‌ಎಂಆರ್ (ಹೆಂಚಿನಂತೆ ಒಂದರ ಮೇಲೊಂದು ಒರಗುವ ಸುತ್ತುಗಳಲ್ಲಿ ಬರೆಯುವ) ಮಾದರಿಯನ್ನಂತೂ ಹತ್ತಿರ ಸೇರಿಸಬಾರದು. ಎರಡು ಡಿಸ್ಕ್‌ಗಳ ಖರ್ಚು ಹೆಚ್ಚುತ್ತದೆ, ನಿಜ. ಖರೀದಿ ಆದೇಶ ಇನ್ನೂ ಹೊರಟಿಲ್ಲ, ನಾಳೆ ಈ ಲೆಕ್ಕವನ್ನೇ ಬರೆದು ಅವರ ಮುಂದಿಡುತ್ತೇನೆ.