ಹಳೇ ಬೋರ್ಡಿಗೆ ಹೊಸ ಬಯಾಸ್: ಯಾರಿಗೆ ಬೇಕಿತ್ತು?

ಸಾಕಪ್ಪಾ ಸಾಕು! ಬಯಾಸ್ (ಮದರ್‌ಬೋರ್ಡಿನ ಚಿಪ್ಪಿನಲ್ಲಿದ್ದು ಕಂಪ್ಯೂಟರನ್ನು ಚಾಲೂ ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮುಗೀತು ಅಂತ ಉಸಿರು ಬಿಡುವಷ್ಟರಲ್ಲಿ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ ನೀಲಿ ಪರದೆ ಎದ್ದು ಕೂತು 48 ಅಂಕಿಯ ರಿಕವರಿ ಕೀ ಕೇಳ್ತಿದೆ. ಆ ಬೀಗದ ಕೀ ಕಾಯುವ ಟಿಪಿಎಂ ರೀಸೆಟ್ ಆಗಬಹುದು, ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡ್ಕೊಳ್ಳಿ ಅಂತ ಡೌನ್‌ಲೋಡ್ ಬಟನ್ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದರೆ ಈ ಬೋರ್ಡ್ ಕಂಪನಿಯವರ ಗಂಟೇನು ಹೋಗ್ತಿತ್ತು?

ಎಎಂಡಿ ಪ್ರೊಸೆಸರ್ ಕೂರುವ ಎಎಂ4 ಬೋರ್ಡುಗಳ ಪುರಾಣ ಕೇಳಿ. 2018ರ ಬಿ450 ಬೋರ್ಡಿಗೆ ಎಎಂಡಿಯ ರೈಜೆನ್ 5000 ಪ್ರೊಸೆಸರ್ ಹಾಕೋಕೆ ಹೊಸ ಬಯಾಸ್ ಬೇಕು. ಆ ಬಯಾಸ್ ಹಾಕೋಕೆ, ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡುವ ಫ್ಲ್ಯಾಶ್‌ಬ್ಯಾಕ್ ಬಟನ್ ಇಲ್ಲದಿದ್ದರೆ, ಹಳೇ ಪ್ರೊಸೆಸರ್ ಕೂತಿರಬೇಕು! ಎಷ್ಟೋ ಬೋರ್ಡುಗಳಲ್ಲಿ ನೇರವಾಗಿ ಕೊನೇ ವರ್ಷನ್‌ಗೆ ಹಾರುವಂತಿಲ್ಲ, ನಡುವಿನದೊಂದನ್ನು ಹಾಕಿಯೇ ಮುಂದೆ ಹೋಗಬೇಕು. 16 ಎಂಬಿ ಚಿಪ್ಪಿನಲ್ಲಿ ಜಾಗ ಸಾಲದೆ ಕೆಲವು ವರ್ಷನ್‌ಗಳಲ್ಲಿ ಹಳೇ ಪ್ರೊಸೆಸರ್‌ಗಳ ಸಪೋರ್ಟನ್ನೇ ಕಿತ್ತಿದ್ದಾರೆ. ಯಾವ ಫೈಲ್ ನಮ್ಮದು ಅಂತ ತಿಳಿಯೋಕೆ ಬೇಕಾದ ರಿವಿಷನ್ ನಂಬರು? ಬೋರ್ಡಿನ ಮೂಲೆಯಲ್ಲಿ, ಧೂಳಿನಡಿ, ಸಾಸಿವೆ ಗಾತ್ರದ ಅಕ್ಷರದಲ್ಲಿ.

ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವ್ ಹುಡುಕಿ, ಬಾರ್ 60% ಹತ್ರ ನಿಂತಾಗ ಕರೆಂಟ್ ಹೋಗದಿರಲಿ ಅಂತ ಮನೆದೇವರಿಗೆ ಕೈ ಮುಗಿದು ಮುಗಿಸಿದರೆ, ರ‍್ಯಾಮನ್ನು ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಎಕ್ಸ್‌ಎಂಪಿ ಮಾಯ. 3200ರ ರ‍್ಯಾಮ್ 2133ರಲ್ಲಿ ತೆವಳುತ್ತೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸಲು ಬೇಕಾದ ವರ್ಚುವಲೈಸೇಷನ್ ಆಫ್, ಫ್ಯಾನ್ ಸೆಟ್ಟಿಂಗ್ ಸೊನ್ನೆಯಿಂದ.

ವಿಂಡೋಸ್ ಮತ್ತೆ ಹಾಕೋಣ ಅಂದ್ರೆ ಲ್ಯಾನ್ ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ಲ್ಯಾನ್ ಡ್ರೈವರ್ ಬೇಕು. ಇಷ್ಟೆಲ್ಲ ಪಾಡು ಪಟ್ಟ ಆ ಬಯಾಸ್‌ನ ವಿವರಣೆ ಏನು ಗೊತ್ತಾ? "ಸಿಸ್ಟಂ ಸ್ಟೆಬಿಲಿಟಿ ಸುಧಾರಿಸಲಾಗಿದೆ". ಯಾರ ಸಿಸ್ಟಂ ಸ್ವಾಮಿ?