ಸತ್ಯಾಂಶ: ಹಾರ್ಮೋನ್ ಚಿಕಿತ್ಸೆ ಅಂದ್ರೆ ಕ್ಯಾನ್ಸರ್ ಗ್ಯಾರಂಟಿನಾ?

"ಮುಟ್ಟು ನಿಂತ ಮೇಲೆ ಹಾರ್ಮೋನ್ ತಗೊಂಡರೆ ಸ್ತನ ಕ್ಯಾನ್ಸರ್ ಖಂಡಿತ" ಅನ್ನೋ ಮೆಸೇಜ್ ಮತ್ತೆ ಓಡಾಡುತ್ತಿದೆ. ಇದು ತಪ್ಪು. ಮುಟ್ಟು ನಿಂತಾಗ ಬರುವ ಮೈ ಬಿಸಿಯಾಗುವುದು, ಬೆವರುವುದು ಇಂಥ ತೊಂದರೆಗಳಿಗೆ ಈ ಹಾರ್ಮೋನ್ ಕೊಡ್ತಾರೆ.

ಈ ಭಯ ಹೆಚ್ಚಾಗಿದ್ದು 2002ರಲ್ಲಿ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಸುದ್ದಿ ಬಂದಾಗ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಅನ್ನೋ ಎರಡು ಸ್ತ್ರೀ ಹಾರ್ಮೋನ್ ಇರುವ ಮಾತ್ರೆ ತಗೊಂಡವರಲ್ಲಿ, ವರ್ಷಕ್ಕೆ 10,000 ಮಹಿಳೆಯರಿಗೆ ಸುಮಾರು 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡವು. ಅವರ ಸರಾಸರಿ ವಯಸ್ಸೇ 63. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಒಂದನ್ನೇ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲೇ ಇಲ್ಲ. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡಲ್ಲ ಅನ್ನೋದೇ ನನಗೆ ಬೇಸರ.

ಹಾಗಾಗಿ ಯಾವ ಚಿಕಿತ್ಸೆ, ಯಾರಿಗೆ ಅನ್ನೋದು ಮುಖ್ಯ ಅಲ್ವಾ? ಗರ್ಭಕೋಶ ಇದ್ದರೆ ಅದರ ಒಳಪದರದ ರಕ್ಷಣೆಗೆ ಪ್ರೊಜೆಸ್ಟೊಜನ್ (ಪ್ರೊಜೆಸ್ಟಿನ್ ಸೇರಿರುವ ಹಾರ್ಮೋನ್ ಗುಂಪು) ಕೂಡ ಬೇಕು. ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಯೋನಿ ಒಣಗುವುದಷ್ಟೇ ತೊಂದರೆಯಾದರೆ ಅಲ್ಲಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಾಕಾಗಬಹುದು.

60 ವರ್ಷದೊಳಗೆ, ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ, ಇಂಥ ತೊಂದರೆ ಕಾಡುವವರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭವೇ ಜಾಸ್ತಿ. ಆದರೆ ಮೊದಲು ಸ್ತನ ಕ್ಯಾನ್ಸರ್ ಆಗಿದ್ದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ, ದಯವಿಟ್ಟು ಡಾಕ್ಟರಿಗೆ ಅದನ್ನೇ ಮೊದಲು ಹೇಳಿ.